ಈರಯ್ಯಸ್ವಾಮಿಯ ಒಂಬತ್ತನೇ ಪದ

ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಗಳಿಲ್ಲದಿದ್ದರೆ ಬ್ಯಾಂಡಿನವರು ಅಂಗಡಿ ಬಿಟ್ಟು ಕದಲುವುದಿಲ್ಲ. ಖಾಸಿಂ ಸಾಬ್ ಅವರನ್ನು ಹಿಡಿಯುವುದಿದ್ದರೆ ಇದೇ ತಿಂಗಳು ಸರಿ ಎಂದು ಗೆಳೆಯ ಮಾಳಿಂಗಪ್ಪ ಹೇಳಿದ್ದರಿಂದ, ಬ್ಯಾಂಕಿನ ಕೆಲಸ ಮುಗಿಸಿ ಅವನ ಬೈಕಿನ ಹಿಂದೆ ಕೂತು ತೀನ್ ಕಂದೀಲ್ ವೃತ್ತದ ಕಡೆ ಹೊರಟೆ. ರಾಯಚೂರಿನ ಮಳೆಯ ವಿಷಯ ಗೊತ್ತಿದ್ದವರಿಗೆ ಗೊತ್ತು. ಬರುವುದೇ ಅಪರೂಪ, ಬಂದರೆ ನಮ್ಮ ಮೇಲೆ ಯಾವುದೋ ಹಳೆಯ ಸಿಟ್ಟು ತೀರಿಸಿಕೊಳ್ಳುವಂತೆ ಬರುತ್ತದೆ. ಅಂಗಡಿ ತಲುಪುವ ಹೊತ್ತಿಗೆ ಇಬ್ಬರ ಅಂಗಿಯೂ ಮೈಗೆ ಅಂಟಿಕೊಂಡಿತ್ತು.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಡ್ರಮ್ಮುಗಳು, ತುತ್ತೂರಿಗಳು. ಮೂಲೆಯಲ್ಲಿ ಖಾಸಿಂ ಸಾಬರ ಹೆಂಡತಿ ಹೀರಾಬಿ ಕೆಂಪು ಕೋಟುಗಳ ರಾಶಿ ಮುಂದಿಟ್ಟುಕೊಂಡು ಕಿತ್ತುಹೋದ ಜರಿಪಟ್ಟಿ ಹೊಲಿಯುತ್ತಿದ್ದರು. ಖಾಸಿಂ ಸಾಬ್ ನಮಗೆ ಬೆನ್ನು ಮಾಡಿ ಒಂದು ಕರಿಯ ಪೆಟ್ಟಿಗೆಯ ಮೇಲೆ ಬಗ್ಗಿ, ಬಿಳಿ ಬಟ್ಟೆಯಲ್ಲಿ ಏನನ್ನೋ ಒರೆಸುತ್ತಿದ್ದರು. ನಮ್ಮ ಸದ್ದು ಕೇಳಿ ಮುಚ್ಚಳ ಹಾಕಿದರು, ಕೀಲಿ ತಿರುಗಿಸಿದರು, ಕೀಲಿಯನ್ನು ಜುಬ್ಬಾದ ಜೇಬಿಗಿಳಿಸಿ ಅದೇ ಪೆಟ್ಟಿಗೆಯ ಮೇಲೆ ಕುಳಿತರು. ವಯಸ್ಸು ಎಪ್ಪತ್ತು ದಾಟಿದೆ. ಬೆನ್ನು ಮಾತ್ರ ಇನ್ನೂ ನೆಟ್ಟಗಿದೆ.

ನಾನು ಬಂದ ಕಾರಣ ಹೇಳಿದೆ. ಬ್ಯಾಂಕಿನ ಕೆಲಸ ಹೊಟ್ಟೆಪಾಡಿಗೆ; ಉಳಿದ ಹೊತ್ತಿನಲ್ಲಿ ನಾನು ಸ್ಯಾಕ್ಸೋಫೋನ್ ಊದುತ್ತೇನೆ. ಗಿಲ್ಲೆಸುಗೂರಿನ ಶಾಲೆಯಲ್ಲಿ ಸಂಗೀತ ಕಲಿಸುವ ವಿಶಾಖಾ ಎನ್ನುವವರು ಎರಡು ವರ್ಷದ ಹಿಂದೆ ನನಗೊಂದು ಪೆನ್ ಡ್ರೈವ್ ಕೊಟ್ಟಿದ್ದರು. ಅದರಲ್ಲಿ ಎಂಟು ಹಾಡುಗಳು. ಸೋಬಾನೆ, ಜೋಗುಳ, ಮೊಹರಂ ಪದ, ತತ್ವಪದ, ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವಂಥವೇ, ಆದರೆ ನುಡಿಸಿದ್ದು ಜಾಝ್ ರೀತಿಯಲ್ಲಿ, ನಾಲ್ಕೇ ಜನ. ಮಲ್ಲಟದ ಈರಯ್ಯಸ್ವಾಮಿ ಸ್ಯಾಕ್ಸೋಫೋನ್, ವಿಶಾಖಾ ಕೀಬೋರ್ಡ್, ಅವರ ತಂದೆ ಪಕೀರಪ್ಪ ಬೇಸ್ ಗಿಟಾರ್, ಖಾಸಿಂ ಸಾಬ್ ಡ್ರಮ್ಸ್. ಕೇಳಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಒಂಬತ್ತನೆಯ ಹಾಡೊಂದು ಅರ್ಧಕ್ಕೇ ನಿಂತಿದೆ, ಅಷ್ಟರಲ್ಲಿ ಈರಯ್ಯಸ್ವಾಮಿ ತೀರಿಕೊಂಡರು ಎಂದು ವಿಶಾಖಾ ಹೇಳಿದ್ದರು. ಆ ಅರ್ಧವನ್ನು ಅದೇ ವಾದ್ಯದಲ್ಲಿ, ಉಳಿದ ಮೂವರ ಜೊತೆ ಕೂತು ಮುಗಿಸಬೇಕೆಂಬುದು ನನ್ನ ಆಸೆ. ವಾದ್ಯ ಖಾಸಿಂ ಸಾಬರ ಹತ್ತಿರವಿತ್ತು. “ಅವ್ರು ಹೂಂ ಅಂದ್ರ ನಾ ಬರ್ತೀನಿ ಸರ್. ಅವ್ರು ಹೂಂ ಅನ್ನಂಗಿಲ್ಲ,” ಎಂದಿದ್ದರು ವಿಶಾಖಾ.

ಹೀರಾಬಿ ಸೂಜಿ ನಿಲ್ಲಿಸಿ ತಮ್ಮ ಭಾಷೆಯಲ್ಲಿ ಗಂಡನಿಗೆ ಮೆಲ್ಲಗೆ ಏನೋ ಅಂದರು. ಹೇಳಿಬಿಡಿ, ಇನ್ನೆಷ್ಟು ದಿನ ಒಬ್ಬರೇ ಹೊರುತ್ತೀರಿ ಎಂಬಂತಿತ್ತು ಆ ದನಿ. ಇರಚಲು ಒಳಗೆ ಬರುತ್ತಿದ್ದುದರಿಂದ ಮಾಳಿಂಗಪ್ಪ ಶಟರನ್ನು ಅರ್ಧ ಇಳಿಸಿದ. ಫ್ಲಾಸ್ಕಿನ ಚಹಾ ಬಂತು. ಮುದುಕರು ಒಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟು ಶುರು ಮಾಡಿದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

*

ನೀವು ಸ್ಯಾಕ್ಸೋಫೋನ್ ಊದ್ತೀರಿ ಅಂತೀರಿ. ಊದ್ರಿ, ಯಾರು ಬ್ಯಾಡಂದ್ರು. ಆದ್ರ ಈರಯ್ಯಸ್ವಾಮಿ ಊದೋದು ನೀವು ಕಣ್ಣಿಲೆ ನೋಡಿಲ್ಲ, ಪೆನ್ ಡ್ರೈವಿನ್ಯಾಗ ಕೇಳೀರಿ, ಅಷ್ಟೇ. ಅವ ಮಾನ್ವಿ ತಾಲೂಕು ಮಲ್ಲಟದವ, ಜಂಗಮರ ಮನಿಯವ. ಮನಿಯವ್ರು ಭಜನಿಗೆ ಹಾರ್ಮೋನಿಯಂ ಕಲಿ ಅಂತ ಕುಂದರ್ಸಿದ್ರ ಇವ ಸಿಕಂದರಾಬಾದಿಗೆ ಓಡಿ ಹೋದ, ಅಲ್ಲಿ ರೇಲ್ವೆ ಗಾರ್ಡಾಗಿ ರಿಟೈರಾಗಿದ್ದ ಒಬ್ಬ ಮುದುಕನ ಕಾಲು ಹಿಡದು ಈ ಜಾಝ್ ಅನ್ನೋದು ಕಲ್ತ, ತಿರುಗಿ ಬಂದು ನನ್ನ ಬ್ಯಾಂಡಿಗೆ ಸೇರ್ದ. ಜಂಗಮರಾವ ಮದುವಿ ಬ್ಯಾಂಡಿನ್ಯಾಗ ಊದ್ತಾನ ಅಂತ ಊರಾಗ ಆಡ್ಕೊಂಡ್ರು. ಆಡ್ಕೊಳ್ಳಿ, ಅವಂಗೇನು? ಇಪ್ಪತ್ತೆರಡು ವರ್ಷ ಅವ ಊದಿದ, ನಾ ಬಾರಿಸ್ದೆ. ಅವಂಗ ನಾ ಸ್ವಾಮಿ ಅಂತಿದ್ದೆ, ಅವ ನನಗ ಖಾಸಿಂ ಅಂತಿದ್ದ. ನನ್ನ ಖಾಸಾ ತಮ್ಮನ ಮಾರಿ ನಾ ಅಷ್ಟು ನೋಡಿಲ್ಲ, ಅವನ ಮಾರಿ ನೋಡೀನಿ. ಯಾಕಂದ್ರ ಬಾರಿಸೋವ ಊದೋವನ ಮಾರಿ ನೋಡ್ಕೊಂತ ಇರಬೇಕು. ಅದು ನಮ್ಮ ಕೆಲಸ.

ಜಾಝ್ ಅಂದ್ರೇನು ಮಾಳಿಂಗಪ್ಪ, ನಿನಗ ಗೊತ್ತದೇನು? ಸ್ವಾಮಿ ನನಗ ಹೇಳಿದ್ದು ಹೇಳ್ತೀನಿ ಕೇಳು. ಮೊದ್ಲು ಎಲ್ಲಾರೂ ಕೂಡಿ ಪದಾನ ಸೀದಾ ನುಡಸ್ಬೇಕು, ಮಂದಿಗೆ ಗೊತ್ತಿದ್ದಂಗ. ಅದು ಮನಿ. ಆಮ್ಯಾಲೆ ಒಬ್ಬ ಮನಿ ಬಿಟ್ಟು ಹೊರಗ ಹೋಗ್ಬೇಕು, ಓಣಿ ಓಣಿ ತಿರಗ್ಬೇಕು, ಮನಸಿಗೆ ಬಂದದ್ದು ನುಡಸ್ಬೇಕು, ಉಳಿದವ್ರು ಮನಿ ಕಾಯ್ಕೊಂತ ಕುಂದರಬೇಕು... ತಿರುಗಿದ್ದು ಸಾಕಾತು ಅಂದ್ರ ಸ್ವಾಮಿ ಎಡಗೈಲೆ ಒಂದು ಸ್ವರ ಹಿಡಕೊಂಡು, ಬಲಗೈ ಎತ್ತಿ ನೆತ್ತಿ ಮ್ಯಾಗ ಇಟ್ಟುಕೊಂತಿದ್ದ. ಹಿಂಗ... ನೋಡ್ರಿ, ಹಿಂಗ. ಕೈ ನೆತ್ತಿಗೆ ಹೋತು ಅಂದ್ರ ಎಲ್ಲಿದ್ರೂ ಸರಿ, ನಾಕೂ ಮಂದಿ ವಾಪಸ್ ಪದಕ್ಕ ಬರಬೇಕು. ಮನಿಗೆ ಬರಬೇಕು. ಯಾಕ, ಏನು ಅಂತ ಕೇಳಂಗಿಲ್ಲ, ಯೋಚನಿ ಮಾಡಂಗಿಲ್ಲ. ಯೋಚನಿ ಮಾಡಿದ್ರ ತಾಳ ತಪ್ಪತದ. ಆ ಕೈಸನ್ನಿ ನಮ್ಮ ನಾಕು ಮಂದಿ ಬಿಟ್ರ ಈ ಜಿಲ್ಲಾದಾಗ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು, ರೀಡು. ಸರ್‌ಗೆ ಗೊತ್ತದ, ನಿನಗ ಹೇಳ್ತೀನಿ. ವಾದ್ಯದ ಬಾಯಿಗೆ ಜೊಂಡಿನ ತೆಳ್ಳಗಿನ ಪಟ್ಟಿ ಒಂದು ಬಿಗಿದಿರ್ತದ, ಅದಕ್ಕ ರೀಡು ಅಂತಾರ. ಒಣ ರೀಡು ಊದಿದ್ರ ಕಿರಚ್ತದ. ಬಾಯಾಗ ಇಟ್ಟು ಹಸಿ ಮಾಡ್ಬೇಕು. ಊದಿ ಇಟ್ರ ನಮ್ಮ ರಾಯಚೂರು ಬಿಸಲಿಗೆ ಅರ್ಧ ತಾಸಿನ್ಯಾಗ ಒಣಗಿ ಕಡ್ಡಿ ಆಗ್ತದ. ಸ್ವಾಮಿ ಮಾತಾಡೋವಾಗೂ ಬಾಯಾಗ ರೀಡು ಇರ್ತಿತ್ತು, ಚಾ ಕುಡಿಯೋವಾಗ ಮಾತ್ರ ತೆಗೀತಿದ್ದ. ಅವನ ಉಸಿರಂತೂ ಕೇಳಬ್ಯಾಡ್ರಿ. ಮೂಗಿಲೆ ಎಳಕೊಂತ ಬಾಯಿಲೆ ಊದೋದು ಕಲ್ತಿದ್ದ, ಲಿಂಗಪೂಜಿಗೆ ಕುಂತ್ರ ಉಸಿರು ಕಟ್ಟಿ ಕುಂದರ್ತಿದ್ದ, ಎದಿ ಏರೋದಿಲ್ಲ, ಇಳಿಯೋದಿಲ್ಲ, ನೋಡಿದವ್ರಿಗೆ ಗಾಬರಿ ಆಗ್ಬೇಕು.

ಏಳು ವರ್ಷದ ಹಿಂದ, ಇಂಥಾದ್ದೇ ಆಷಾಢ. ಮದುವಿ ಇಲ್ಲ, ಕೈ ಖಾಲಿ. ಸ್ವಾಮಿ ಬಂದು, ಖಾಸಿಂ, ಹುಟ್ಟಿದಾಗಿಂದ ಮಂದಿ ಮದುವಿಗೆ ಬಾರಸೀವಿ, ನಮ್ಮ ಸಲುವಾಗಿ ಒಂದೂ ಬಾರಿಸಿಲ್ಲ, ಒಂಬತ್ತು ಪದ ರೆಕಾರ್ಡ್ ಮಾಡೋಣು ಅಂದ. ಜಾಗ ಎಲ್ಲಿ? ದೇವದುರ್ಗದಾಗ ಅವನ ಪರಿಚಯದವ್ರದೊಂದು ಹತ್ತಿ ಗೋದಾಮು ಇತ್ತು. ಹಂಗಾಮು ಮುಗಿದು ಅರ್ಧ ಖಾಲಿ, ಇನ್ನರ್ಧ ಮಾಡಿನ ತನಕ ಒತ್ತಿ ಕಟ್ಟಿದ ಹತ್ತಿ ಬೇಲು. ನಡುವ ನಾಕು ಮಂದಿ ಕುಂದರೋವಷ್ಟು ಜಾಗ ಮಾಡಿಕೊಂಡ್ವಿ. ಹತ್ತಿ ನಡುವ ಕುಂತು ನೀವು ಮಾತಾಡೀರೇನು ಸರ್? ಮಾತಾಡಿದ್ರ ಮಾತು ಬಾಯಿಂದ ಬಿದ್ದಲ್ಲೇ ಸಾಯ್ತದ. ಒಂದು ಚೂರು ದನಿ ತಿರುಗಿ ಬರೋದಿಲ್ಲ. ಮಣ್ಣಾಗ ಕುಂತಂಗ. ಸ್ವಾಮಿಗೆ ಅದೇ ಬೇಕಾಗಿತ್ತು.

ನಾಕು ದಿನಕ್ಕ ಎಂಟು ಪದ ಆದ್ವು. ಏನು ದಿನ ಅವು... ಪಕೀರಪ್ಪನ ಮಗಳು ವಿಶಾಖಾ ಆಗ ಕಾಲೇಜು ಓದ್ತಿದ್ಲು, ಬೆರಳು ಹೆಂಗ ಓಡಸ್ತಿದ್ಲು ಅಂತೀರಿ. ಮೂರನೇ ದಿನ ಊಟ ಆದ ಮ್ಯಾಲೆ ಸ್ವಾಮಿ ಬೇಲಿನ ಮ್ಯಾಗ ಅಡ್ಡಾಗಿದ್ದ. ಎಷ್ಟೊತ್ತಾದ್ರೂ ಎದಿ ಅಲ್ಲಾಡವಲ್ದು. ಪಕೀರಪ್ಪ ಮೂಗಿನ ಮುಂದ ಅಂಗೈ ಹಿಡದ, ಗಾಳಿ ಇಲ್ಲ. ಕೈ ನಾಡಿ ಹಿಡದ, ಸಿಗವಲ್ದು. ಯಪ್ಪಾ, ಸ್ವಾಮಿ ಹೋದ್ರು ಅಂತ ಚೀರಿದ. ಸ್ವಾಮಿ ಒಂದೇ ಕಣ್ಣು ತೆಗೆದು, “ಇನ್ನಾ ಟೈಮ್ ಅದ ಪಕೀರಪ್ಪ,” ಅಂದ. ನಾವು ಹೊಟ್ಟಿ ಹಿಡಕೊಂಡು ನಕ್ವಿ. ನಕ್ವಿ ಸರ್... ನಾಕೂ ಮಂದಿ ನಕ್ವಿ. ಆ ನಗಿ ನೆನಪು ಇಟ್ಟುಕೊಳ್ರಿ.

ಒಂಬತ್ತನೇದು ಅವನ ಅವ್ವ ಬೀಸೋವಾಗ ಹಾಡ್ತಿದ್ದ ಪದ. ಕಡಿಗೆ ಅಂತ ಇಟ್ಟಿದ್ದ. ಎಲ್ಲಾರೂ ಕೂಡಿ ಪದ ನುಡಸಿದ್ವಿ, ಆಮ್ಯಾಲೆ ಅವ ಹೊರಗ ಹೋದ. ಹೋದ ನೋಡ್ರಿ... ಹತ್ತು ನಿಮಿಷ, ಹನ್ನೆರಡು ನಿಮಿಷ, ಎಲ್ಲೆಲ್ಲೋ ತಿರುಗಾಡಿದ, ನನ್ನ ಕೈ ಸೋತು ಬಂತು, ಕಣ್ಣು ಅವನ ಬಲಗೈ ಮ್ಯಾಗ. ಈಗ ಎತ್ತತಾನ, ಈಗ ಎತ್ತತಾನ... ಅಷ್ಟ್ರಾಗ ಕರೆಂಟ್ ಹೋತು. ಕೀಬೋರ್ಡು ಬಂದ್, ಬೇಸು ಬಂದ್. ಸ್ವಾಮಿ ಕತ್ತಲಾಗ ಇನ್ನೊಂದು ಉಸಿರು ಊದಿ ನಿಂತ. ಸಂಜಿ ತನಕ ಕಾಯ್ದ್ವಿ, ಕರೆಂಟ್ ಬರಲಿಲ್ಲ, ಬ್ಯಾಂಡಿನ ಜನರೇಟರು ರಾಯಚೂರಾಗ ಇತ್ತು. ಆಗ್ಲಿ, ನಾಳೆ ಮನಿಗೆ ಬರೋಣು ಅಂತಂದು ನಕ್ಕೊಂತ ಸಿರವಾರ ಬಸ್ಸು ಹತ್ತಿ ಮಲ್ಲಟಕ್ಕ ಹೋದ. ವಾದ್ಯಾನೂ ಒಯ್ದ, ಅದನ್ನ ಎಂದೂ ಬಿಟ್ಟು ಹೋದವನಲ್ಲ.

ಮರುದಿನ ಮುಂಜಾನೆ ಅವನ ಹೆಂಡತಿ ಬಸವಂತಮ್ಮನ ಫೋನು. ಜಳಕ ಮಾಡಿ ಲಿಂಗಪೂಜಿಗೆ ಕುಂತವ ಏಳಲೇ ಇಲ್ಲ. ಅಂಗೈಯಾಗ ಲಿಂಗ, ಕಣ್ಣು ಅರ್ಧ ಮುಚ್ಚಿ, ಕುಂತಲ್ಲೇ ಹೋಗ್ಯಾನ. ಊರಿನ ಡಾಕ್ಟರ್ ಬಂದು ನಾಡಿ ನೋಡಿ ತಲಿ ಅಲ್ಲಾಡಿಸ್ಯಾನ. ಊರು ಊರೇ ಕೈ ಮುಗೀತು. ಪೂಜಾದಾಗ ಲಿಂಗೈಕ್ಯ ಆಗೋದು ಅಂದ್ರ ಸಣ್ಣ ಮಾತೇನು? ಎಷ್ಟು ಜನ್ಮದ ಪುಣ್ಯ ಅಂದ್ರು. ಅಂಥಾ ಸಾವಿನ ಮ್ಯಾಗ ಯಾರು ಅನುಮಾನ ಪಡ್ತಾರ, ನೀವೇ ಹೇಳ್ರಿ. ಹೊತ್ತು ಮುಳುಗೋದ್ರಾಗ ಮಣ್ಣು ಮಾಡ್ಬೇಕು ಅಂತ ಹಿರೇರು ಅಂದ್ರು.

ನಾವು ಮೂರು ಮಂದಿ ಬ್ಯಾಂಡಿನ ಗಾಡಿ ತಗೊಂಡೇ ಹೋದ್ವಿ, ಜನರೇಟರು, ಸ್ಪೀಕರು ಎಲ್ಲಾ ಅದರ ಮ್ಯಾಗೇ ಇತ್ತು. ಹೋಗೋದ್ರಾಗ ಅವನ್ನ ವಿಮಾನದಾಗ ಕುಂದರ್ಸಿದ್ರು. ಅವರ ಮಂದ್ಯಾಗ ಮಲಗಿಸಿ ಒಯ್ಯೋದಿಲ್ಲ, ಹೂವಿನ ವಿಮಾನ ಕಟ್ಟಿ, ಜೀವಂತ ಇದ್ದವರಂಗ ಕುಂದರ್ಸಿ ಒಯ್ತಾರ. ಹಣಿ ತುಂಬ ವಿಭೂತಿ, ಕೊಳ್ಳಾಗ ಹೂವು. ಮದುವಿಗೆ ಹೊಂಟವನಂಗ ಕುಂತಿದ್ದ. ಬಸವಂತಮ್ಮ ಒಳಗಿಂದ ವಾದ್ಯ ತಂದ್ಲು. ಹಿರೇರು ಬ್ಯಾಡ ಅಂದ್ರು, ಪದ್ಧತಿ ಅಲ್ಲ ಅಂದ್ರು. ಆಕಿ ಯಾರ ಮಾತೂ ಕೇಳಲಿಲ್ಲ. ಕುಣಿ ತನಕ ಇರ್ಲಿ, ಅಲ್ಲಿ ತೆಕ್ಕೊಳ್ರಿ ಅಂತಂದು, ಪಟ್ಟಿ ಅವನ ಕೊಳ್ಳಾಗ ಹಾಕಿ ವಾದ್ಯ ಎದಿಗೆ ಆನಿಸಿ ಇಟ್ಲು. ವಾದ್ಯದ ಬಾಯಿ ಅವನ ತುಟಿ ಹಂತ್ಯಾಕ ಬಂತು. ಆಮ್ಯಾಲೆ ನನ್ನ ಕಡೆ ತಿರುಗಿ ಅಂದ್ಲು:

“ಖಾಸಿಂ ಅಣ್ಣ, ಪದ ಅರ್ಧಕ್ಕ ಬಿಟ್ಟು ಬಂದೀನಿ ಅಂತ ರಾತ್ರೆಲ್ಲಾ ಅದೇ ಗುನುಗಿದ್ರು. ಅದನ್ನ ಮುಗಿಸಿ ಕಳಸ್ರಿ.”

ಅದಕ್ಕ ಅದೇ ಪದ ಹಿಡದ್ವಿ. ವಿಶಾಖಾ ಗಾಡಿ ಮ್ಯಾಗ ಹಿಂದಕ್ಕ ಮಾರಿ ಮಾಡಿ ಕುಂತ್ಲು, ಪಕೀರಪ್ಪ ಗಾಡಿ ಬಾಜೂಕ ನಡೀತಿದ್ದ, ನಾ ಕೊಳ್ಳಿಗೆ ಡ್ರಮ್ಮು ಹಾಕ್ಕೊಂಡು ಹಿಂದಕ್ಕ ಹಿಂದಕ್ಕ ಹೆಜ್ಜಿ ಇಟ್ಟುಕೊಂತ, ಮಾರಿ ವಿಮಾನದ ಕಡೆ. ಬ್ಯಾರೆ ಕಡೆ ನೋಡಿ ನನಗ ಬಾರಸಾಕ ಬರೋದಿಲ್ಲ ಸರ್. ಪದ ಒಂದು ಸಲ ಸೀದಾ ಆತು. ಆಮ್ಯಾಲೆ ಅವ ಹೊರಗ ಹೋಗೋ ಜಾಗ ಬಂತು. ಊದೋವ್ರು ಯಾರೂ ಇಲ್ಲ. ವಿಶಾಖಾ ಆ ಜಾಗ ಖಾಲಿ ಬಿಟ್ಲು, ಕೆಳಗ ಸಣ್ಣಾಗಿ ಮನಿ ಕಾಯೋದು ಅಷ್ಟೇ ನುಡಸಿದ್ಲು. ನಾನೂ ಸಣ್ಣಾಗಿ ಬಾರಿಸ್ದೆ. ಓಣಿ ದಾಟಿದ್ವಿ, ಅಗಸಿ ದಾಟಿದ್ವಿ, ಹಳ್ಳದ ದಾರಿ ಹಿಡದ್ವಿ... ಖಾಲಿ ಜಾಗ ಹಂಗೇ ನಡದಿತ್ತು. ಮುಗಸಬೇಕು ಅಂದ್ರ ಹೆಂಗ ಮುಗಸೋದು? ಸನ್ನಿ ಕೊಡೋವ ವಿಮಾನದಾಗ ಕುಂತಾನ.

ಬೇವಿನ ಗಿಡದ ಹಂತ್ಯಾಕ ಬಂದಾಗ... ಕೇಳ್ರಿ... ಅವನ ಬಲಗೈ ಎದ್ತು. ಮೆಲ್ಲಕ. ವಾದ್ಯದ ಮ್ಯಾಲಿಂದ ಎದ್ದು, ಮಾರಿ ದಾಟಿ, ನೆತ್ತಿ ಮ್ಯಾಗ ಕುಂತ್ತು.

ನಾವೇನು ಮಾಡಿದ್ವಿ ಗೊತ್ತೇನು ಸರ್? ಚೀರಿದ್ವೇನು? ನಿಂತ್ವೇನು? ಇಲ್ಲ. ಪದಕ್ಕ ಬಂದ್ವಿ. ಮೂರೂ ಮಂದಿ ಒಂದೇ ಏಟಿಗೆ, ಒಂದು ಕೂದಲು ಹಿಂದ ಮುಂದ ಇಲ್ದಂಗ, ಸೀದಾ ಪದಕ್ಕ ಬಂದ್ವಿ. ಇಪ್ಪತ್ತೆರಡು ವರ್ಷ ನಾ ಕಲ್ತಿದ್ದು ಅದೇ ಅಲ್ಲೇನು? ಕೈ ನೆತ್ತಿಗೆ ಹೋದ್ರ ಮನಿಗೆ ಬರಬೇಕು, ಯೋಚನಿ ಮಾಡಂಗಿಲ್ಲ. ನಾ ಕಣ್ಣಿಲೆ ನೋಡ್ದೆ, ಕೈ ತಾನೇ ಬಾರಿಸ್ತು, ನಡುವ ತಲಿ ಅನ್ನೋದೇ ಇರಲಿಲ್ಲ. ಮಂದಿ ಹೋ ಅಂತ ಅತ್ರು. ನನಗೂ ಕಣ್ಣೀರು ಬಂತು, ದುಃಖಕ್ಕಲ್ಲ... ಏನು ಚಂದ ಬಂದ್ವಿ ಅಂತ ಸಂತೋಷಕ್ಕ. ಹೊತ್ತವರ ಪೈಕಿ ಒಬ್ಬ ಮುದುಕ, ವಿಮಾನ ಅಲ್ಲಾಡಿ ಕೈ ಜಾರ್ಯದ ಅಂದ. ಆ ಕೈ ಹಿಡದು ಕೆಳಗಿಳಿಸಿ, ಎರಡೂ ಕೈ ಕೂಡಿಸಿ ವಸ್ತ್ರದಲೆ ಕಟ್ಟಿದ. ಅದನ್ನೂ ನೋಡ್ದೆ. ಬಾರಿಸ್ಕೊಂತ ನೋಡ್ದೆ.

ಕುಣಿ ದಂಡಿ ಮ್ಯಾಲೆ ವಾದ್ಯ ತೆಗೆದು ನನ್ನ ಕೈಗೆ ಕೊಟ್ರು, ನಾ ಪೆಟಗಿಯಾಗ ಇಟ್ಟೆ. ಅವನ್ನ ಒಳಗ ಕುಂದರ್ಸಿದ್ರು. ವಿಭೂತಿ ಹಾಕಿದ್ರು, ಪತ್ರಿ ಹಾಕಿದ್ರು, ಉಪ್ಪು ಹಾಕಿದ್ರು, ಮಣ್ಣು ಹಾಕಿದ್ರು. ನಾನೂ ಒಂದು ಹಿಡಿ ಹಾಕಿದೆ.

ಆಮ್ಯಾಲೆ ಪಂಪ್‌ಸೆಟ್ಟಿನ್ಯಾಗ ಮೈ ತೊಳಕೊಂಡು ಸಾಲಿ ಕಟ್ಟಿ ಮ್ಯಾಗ ಕುಂತಿದ್ವಿ. ಹೊತ್ತು ಇನ್ನಾ ಇತ್ತು. ಯಾರೋ ಚಾ ಕೊಟ್ಟು ಹೋದ್ರು. ಪಕೀರಪ್ಪ ಚಾ ಊದ್ಕೊಂತ, ಮದುವಿ ಬಾರಿಸಿ ಬಂದವರಂಗ, ಸಹಜ ಅಂದ:

“ಖಾಸಿಂ ಭಾಯ್, ಸ್ವಾಮ್ಯಾರು ಇವತ್ತು ಸನ್ನಿ ಕೊಟ್ಟಿದ್ದು ಬರೋಬ್ಬರಿ ಟೈಮಿಗೆ ನೋಡು.”

ನಾ ಹೌದಂದೆ. ಅಂದುಬಿಟ್ಟೆ. ವಿಶಾಖಾನೂ ಹೌದು ಅಂತ ತಲಿ ಹಾಕಿದ್ಲು. ಹಾಕಿದ ತಲಿ ಅಲ್ಲೇ ನಿಂತ್ತು. ಪಕೀರಪ್ಪನ ಬಾಯಿ ಹಂತ್ಯಾಕ ಹೋದ ಕಪ್ಪು ಅಲ್ಲೇ ನಿಂತ್ತು. ಒಬ್ಬರ ಮಾರಿ ಒಬ್ರು ನೋಡಿದ್ವಿ... ಅವಾಗ ಸರ್, ಅವಾಗ ತಿಳೀತು. ಸನ್ನಿ ಕೊಟ್ಟೋನು ಯಾರು? ವಿಮಾನ ಅಲ್ಲಾಡಿದ್ರ ಕೈ ಕೆಳಗ ಬೀಳ್ತದ. ಮ್ಯಾಗ ಏಳ್ತದೇನು? ಎದ್ದು ನೆತ್ತಿ ಹುಡುಕ್ಕೊಂಡು ಹೋಗಿ ಕುಂದರ್ತದೇನು?

ಪೆಟಗಿ ತೆಗೆದೆ. ರೀಡು ನೋಡ್ದೆ. ಹಸಿ ಇತ್ತು. ಬರೇ ಹಸಿ ಅಲ್ಲ, ತುದಿಗೆ ಒಂದು ಹನಿ ನಿಂತಿತ್ತು, ಊದೋವ ಈಗ ಬಾಯಿಂದ ತೆಗೆದಂಗ.

ವಿಶಾಖಾ ಎದ್ದು ನಿಂತ್ಲು. “ಚಾಚಾ, ಸನಕಿ ತಗೊಳ್ರಿ, ಅಗಿಯೋಣು ನಡೀರಿ,” ಅಂದ್ಲು. ನಾ ಆಕಿ ಮುಂಗೈ ಹಿಡದೆ. ನಾನೇ ಹಿಡದದ್ದು ಸರ್, ಪಕೀರಪ್ಪ ಅಲ್ಲ. ಏನಂದೆ ಅಂದ್ರ, ಮಗಾ, ನಾ ಒಬ್ಬ ಸಾಬ, ನೀವಿಬ್ರು ಕೇರಿಯವ್ರು, ನಾವು ಮೂರು ಮಂದಿ ಹೋಗಿ ಜಂಗಮರ ಸಮಾಧಿಗೆ ಸನಕಿ ಹಾಕಿದ್ರ ಏನಾಗ್ತದ ಗೊತ್ತದೇನು? ಹೆಣ ತಲಿ ಮುಟ್ಟಿಕೊಂಡದ, ಅದು ಜಾಝ್ ಸನ್ನಿ ಅಂತ ಹೇಳಿದ್ರ ಯಾರು ನಂಬ್ತಾರ? ವಿಮಾನದ ಮ್ಯಾಗ ಪನ್ನೀರು ಚೆಲ್ಲಿದ್ರು, ರೀಡಿಗೆ ಅದೇ ತಾಗಿರಬೇಕು ಅಂದೆ. ಸ್ವಾಮಿಗೆ ಪೂಜಾದಾಗ ಬಂದ ಸಾವು, ಅದನ್ನ ಕೆಡಸಬ್ಯಾಡ್ರಿ ಅಂದೆ. ಎಲ್ಲಾ ನೆಪ. ಖರೇ ಹೇಳ್ಲೇನು? ಅಂಜಿದೆ. ಹತ್ತಿ ಬೇಲಿನ ಮ್ಯಾಗ ಒಂದು ಕಣ್ಣು ತೆಗೆದು ಇನ್ನಾ ಟೈಮ್ ಅದ ಅಂದದ್ದು ನನಗ ಕಣ್ಣಾಗೇ ಇತ್ತು, ಆದ್ರೂ ಅಂಜಿದೆ. ಬಸವಂತಮ್ಮನ ಮನಿ ನೂರು ಹೆಜ್ಜಿ ದೂರ ಇತ್ತು. ಹೋಗಿ ಹೇಳಲಿಲ್ಲ. ಹೊತ್ತು ಮುಳುಗ್ತು, ಗಾಡಿ ಹತ್ತಿ ರಾಯಚೂರಿಗೆ ಬಂದ್ವಿ.

ರೀಡು ಒರಸಿ, ಒಣ ಮಾಡಿ, ಕೀಲಿ ಹಾಕಿ ಇಟ್ಟೆ. ಮೂರನೇ ದಿನ ಹಾಲು ತುಪ್ಪಕ್ಕ ಹೋಗೋದಿತ್ತು, ವಾದ್ಯ ಬಸವಂತಮ್ಮಗ ಕೊಡೋಣು ಅಂತ ತೆಗೆದೆ. ಹಸಿ. ಪನ್ನೀರು ಮೂರು ದಿನ ಇರ್ತದೇನ್ರಿ? ಕುಂತಲ್ಲೇ ಕುಂತುಬಿಟ್ಟೆ. ಮೂರನೇ ದಿನಾನೂ ಹಸಿ ಅಂದ್ರ... ಮೂರನೇ ದಿನಾನೂ ಒಳಗ... ಅವತ್ತಾದ್ರೂ ಹೇಳಬೇಕಿತ್ತಲ್ಲ? ಹಾಲು ತುಪ್ಪ ಎರೆದು ಬಂದೆ, ಮಣ್ಣಿಗೆ ಕಿವಿ ಹಚ್ಚೋವಷ್ಟು ಹತ್ತಿರ ಬಗ್ಗಿದ್ದೆ, ಬಾಯಿ ಬಿಡಲಿಲ್ಲ. ಐದನೇ ದಿನ ಒರಸಿದೆ, ಆರನೇ ದಿನ ಹಸಿ. ಹನ್ನೊಂದಕ್ಕೂ ಹಸಿ. ನಲವತ್ತಕ್ಕೂ ಹಸಿ. ಅವಾಗ ತಿಳ್ಕೊಂಡೆ, ಇದು ಮನುಷ್ಯಂದಲ್ಲ ಅಂತ. ನಲವತ್ತು ದಿನ ಮಣ್ಣಾಗ ಯಾವ ಮನುಷ್ಯ ಇರ್ತಾನ? ಆದ್ರ ನನ್ನ ತಿನ್ನೋದು ಅದಲ್ಲ ಸರ್. ದೆವ್ವ ಅಂದ್ರ ನನಗ ಅಂಜಿಕಿ ಇಲ್ಲ. ಯಾವ ದಿನದ ತನಕ ಅವ ಮನುಷ್ಯ ಇದ್ದ, ಯಾವ ದಿನದಿಂದ ದೆವ್ವ ಆದ... ಅದನ್ನ ಯಾರು ಹೇಳ್ತಾರ ನನಗ?

ವಾಪಸ್ ಮನಿಗೆ ಅಂತ ಅಲ್ಲೇನು ಅವ ಸನ್ನಿ ಕೊಟ್ಟಿದ್ದು? ನಾವು ಪದಾನ ಮನಿಗೆ ತಂದ್ವಿ, ಅವನ್ನ ಮಣ್ಣಿಗೆ ಕೊಟ್ಟು ಬಂದ್ವಿ. ಪಕೀರಪ್ಪ ಅವತ್ತಿನಿಂದ ಬೇಸು ಮುಟ್ಟಿಲ್ಲ. ವಿಶಾಖಾ ಹುಡುಗರಿಗೆ ಎಲ್ಲಾ ಕಲಸ್ತಾಳ, ಬೀಸೋ ಪದ ಕಲಸೋದಿಲ್ಲ, ನನ್ನ ಮಾರಿ ನೆಟ್ಟಗ ನೋಡೋದೂ ಇಲ್ಲ. ವಾದ್ಯ ಬಸವಂತಮ್ಮಗ ಹೆಂಗ ಕೊಡ್ಲಿ? ಕೇಳಿದಾಗೊಮ್ಮೆ ಏನರ ಒಂದು ಹೇಳ್ತೀನಿ. ದಿನಾ ಸಂಜಿ ಒರಸ್ತೀನಿ. ಒರಸೋದು, ಕೀಲಿ ಹಾಕೋದು. ಒಂದು ದಿನ ತೆಗೆದಾಗ ಒಣಗಿರಬೇಕು, ಅವತ್ತು ಸ್ವಾಮಿ ಮನಿ ಮುಟ್ಟಿದ ಅಂತ ತಿಳ್ಕೊಂತೀನಿ, ಆಕಿ ಕಾಲು ಹಿಡದು ಎಲ್ಲಾ ಹೇಳ್ತೀನಿ. ಏಳು ವರ್ಷ ಆತು.

*

ಹೀರಾಬಿ ಎಷ್ಟು ಹೊತ್ತಿನಿಂದಲೋ ಹೊಲಿಗೆ ನಿಲ್ಲಿಸಿದ್ದರು. ಮಾಳಿಂಗಪ್ಪನ ಚಹಾದ ಮೇಲೆ ಕೆನೆ ಕಟ್ಟಿತ್ತು. ಹೊರಗೆ ಮಳೆ ಅದೇ ಸಿಟ್ಟಿನಲ್ಲಿತ್ತು. ಬೆಳಿಗ್ಗೆಯಿಂದ ಆಡಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ, ಈ ಹಾಡು ಪೂರ್ತಿಯಾಗಬೇಕು ಚಾಚಾ ಎಂಬ ಮಾತೂ ಒಂದಿತ್ತು. ಅದನ್ನು ನೆನೆದು ನನಗೇ ಹೇಸಿಗೆಯಾಯಿತು.

ಖಾಸಿಂ ಸಾಬ್ ಎದ್ದರು. ಅಲ್ಲಿಯವರೆಗೆ ಕೂತಿದ್ದ ಕರಿಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಜೇಬಿನಿಂದ ಕೀಲಿ ತೆಗೆದು ಮುಚ್ಚಳ ಎತ್ತಿದರು. ಹಳೆಯ ವಾದ್ಯ, ಬಣ್ಣ ಅಲ್ಲಲ್ಲಿ ಹೋಗಿದೆ. ಅವರು ಕೈ ಮಾಡಿ ಕರೆದರು. ನಾನು ಬಗ್ಗಿ ರೀಡಿನ ಮೇಲೆ ಬೆರಳಿಟ್ಟೆ. ಇಪ್ಪತ್ತು ವರ್ಷದಿಂದ ದಿನವೂ ಮುಟ್ಟುವ ವಸ್ತು ಅದು, ನನಗೆ ತಿಳಿಯದೆ ಇರುತ್ತದೆಯೇ? ಮಳೆಯ ತೇವ ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು. ತುದಿಯಲ್ಲಿದ್ದ ಹನಿ ನನ್ನ ಬೆರಳಿಗೆ ಬಂತು.

ಮಳೆಗಾಲ ಚಾಚಾ, ಗಾಳಿಯಲ್ಲೇ ತೇವವಿರುತ್ತದೆ ಎಂದು ಏನೋ ತೊದಲಿದೆ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಅದೇ ಬಿಳಿ ಬಟ್ಟೆಯನ್ನು ಹುಡುಕಿ ತೆಗೆದು, ಕೂಸಿನ ಬಾಯಿ ಒರೆಸುವವರ ಹಾಗೆ ರೀಡನ್ನು ಒರೆಸುತ್ತ ಹೇಳಿದರು:

“ನೀವಿಬ್ರು ಬಾಗಲಕ್ಕ ಬಂದಾಗ ನಾ ಒರಸಾಕತ್ತಿದ್ದು ಇದನ್ನೇ ಸರ್. ಒಣ ಮಾಡಿ, ಕೀಲಿ ಹಾಕಿ, ಅದರ ಮ್ಯಾಗೇ ಕುಂತು ನಿಮಗ ಕತಿ ಹೇಳೀನಿ.”